‘ಯೋಜಿಂಬೋ’ ನೋಡಿದ ಮಗ ಕಟಾನ ಬೇಕು ಅಂತಿದ್ದಾನೆ. ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಮೊದಲ ಪಿಯುಸಿ. ರಜೆಗೆ ಬಂದಿದ್ದ ಚಿಕ್ಕಪ್ಪನ ಮಗನ ಜೊತೆ ಕೂತು ‘ಯೋಜಿಂಬೋ’ ಅನ್ನೋ ಹಳೇ ಜಪಾನಿ ಸಿನಿಮಾ ನೋಡಿದ. ಆವತ್ತಿಂದ ಇವನಿಗೆ ಬೇರೆ ಧ್ಯಾನವೇ ಇಲ್ಲ. ಸಂಜೆಯಾದರೆ ತಾರಸಿ ಮೇಲೆ ಪಿವಿಸಿ ಪೈಪ್ ಹಿಡಿದು ಬೀಸುತ್ತಾ ಇರುತ್ತಾನೆ. ಈಗ ಆನ್‌ಲೈನ್‌ನಲ್ಲಿ ಮೂರೂವರೆ ಸಾವಿರಕ್ಕೆ ಒಂದು ಕಟಾನ ಕತ್ತಿ ನೋಡಿಟ್ಟಿದ್ದಾನೆ. ‘ಹರಿತ ಇಲ್ಲ, ಶೋಗೆ ಮಾತ್ರ’ ಅಂತ ಬರೆದಿದ್ದಾರೆ. ನಮ್ಮ ಮನೆಯವರು ‘ಕೊಡಿಸಿಬಿಡು, ಗೋಡೆಗೆ ಹಾಕೋಣ’ ಅಂತಾರೆ. ನನಗೆ ಭಯ. ಅದಕ್ಕಿಂತ ಜಾಸ್ತಿ ಭಯ ಅವನ ಮಾತಿಂದ. ‘ರೋನಿನ್ ಥರ ಯಾರ ಹಂಗೂ ಇಲ್ಲದೆ ಊರೂರು ಅಲೆಯೋದೇ ಬದುಕು, ಈ ಓದೆಲ್ಲ ಯಾಕೆ’ ಅಂತಾನೆ. ಇಂಥ ಯೋಧರು ನಿಜವಾಗಿ ಇದ್ದರಾ? ಒಬ್ಬನೇ ಅಷ್ಟು ಜನರನ್ನ ಹಾಗೆ ಕಡಿಯೋಕೆ ಆಗುತ್ತಾ? ಈ ಸಿನಿಮಾಗಳನ್ನ ನೋಡದ ಹಾಗೆ ಮಾಡಬೇಕಾ? ಕತ್ತಿ ಕೊಡಿಸಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ:

ತುರ್ತಿನ ಮಾತು ಮೊದಲು ಹೇಳಿಬಿಡುತ್ತೇನೆ. ಆ ಕತ್ತಿ ಕೊಡಿಸಬೇಡಿ. ಗೋಡೆಗೂ ಬೇಡ. ಆರ್ಡರ್ ಆಗಿದ್ದರೆ ಇವತ್ತೇ ರದ್ದು ಮಾಡಿ. ಆದರೆ ಸಿನಿಮಾ ನಿಲ್ಲಿಸಬೇಡಿ. ಕಲಿಯುವ ಆಸೆಯನ್ನಂತೂ ಚಿವುಟಲೇಬೇಡಿ. ಈ ಮೂರನ್ನೂ ಒಂದೇ ಗಂಟು ಕಟ್ಟಿ ನೋಡಿದ್ದರಿಂದ ನಿಮಗೆ ಇಷ್ಟು ದಿಗಿಲಾಗಿದೆ. ಬಿಡಿಸಿ ನೋಡೋಣ.

ನಾನು ಜಪಾನಿ ಕತ್ತಿವರಸೆ ಕಲಿತು ಕಲಿಸುತ್ತಾ ಬಂದವನು. ನಾಟಕ, ಸಿನಿಮಾಗಳಿಗೆ ಕತ್ತಿ ಕಾಳಗ ಜೋಡಿಸಿಕೊಡುವುದೂ ನನ್ನ ಕೆಲಸ. ನನ್ನ ಬಳಿ ಕಲಿಯಲು ಬರುವ ಹುಡುಗರು, ಹುಡುಗಿಯರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸಿನಿಮಾ ನೋಡಿಯೇ ಬಂದವರು. ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಮಗನ ಕಣ್ಣು ಹೋಗಿ ನಿಂತಿದ್ದು ಕಳಪೆ ಸಿನಿಮಾದ ಮೇಲಲ್ಲ ಅನ್ನುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ‘ಯೋಜಿಂಬೋ’ 1961ರದು. ನಿರ್ದೇಶಕರು ಅಕಿರಾ ಕುರೊಸಾವಾ. ಅಲೆಮಾರಿ ಯೋಧನ ಪಾತ್ರ ಮಾಡಿದ ತೊಶಿರೊ ಮಿಫುನೆ ಅವರಿಗೆ ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಥೆ ಇಷ್ಟೇ: ಒಡೆಯನಿಲ್ಲದ ಒಬ್ಬ ಸಮುರಾಯ್ (ಪಾಳೆಯಗಾರರ ಕೈಕೆಳಗಿನ ಯೋಧ), ಅಂದರೆ ರೋನಿನ್, ಕವಲು ದಾರಿಯಲ್ಲಿ ಕೋಲು ಎಸೆದು ಅದು ತೋರಿಸಿದ ಕಡೆ ನಡೆಯುತ್ತಾನೆ. ಸಿಕ್ಕ ಊರಲ್ಲಿ ಜೂಜುಕೋರರ ಎರಡು ಗುಂಪು ಒಂದನ್ನೊಂದು ತಿನ್ನಲು ಕಾದಿವೆ. ಇವನು ಎರಡೂ ಕಡೆ ಕೆಲಸಕ್ಕೆ ಸೇರುವ ಆಸೆ ತೋರಿಸಿ, ಎರಡನ್ನೂ ಎತ್ತಿಕಟ್ಟಿ, ಕೊನೆಗೆ ಎರಡೂ ನಿರ್ನಾಮವಾಗುವ ಹಾಗೆ ಮಾಡಿ ಹೊರಟು ಹೋಗುತ್ತಾನೆ.

ಇಂಥವರು ಇದ್ದರಾ? ರೋನಿನ್‌ಗಳು ಇದ್ದರು, ಲಕ್ಷಗಟ್ಟಲೆ ಇದ್ದರು. ಆದರೆ ಯಾರೂ ಆಸೆಪಟ್ಟು ಆದವರಲ್ಲ. 1600ರಲ್ಲಿ ಸೆಕಿಗಹಾರಾದ ಯುದ್ಧ ಗೆದ್ದು ಜಪಾನಿನ ಆಳ್ವಿಕೆ ಹಿಡಿದ ತೊಕುಗಾವಾ ಮನೆತನ, ಸೋತ ಕಡೆಯ ಎಂಬತ್ತಕ್ಕೂ ಹೆಚ್ಚು ಪಾಳೆಯಗಾರರ ಸೀಮೆಗಳನ್ನು ಕಿತ್ತುಕೊಂಡಿತು. ಒಡೆಯನ ಸೀಮೆ ಹೋದರೆ ಅವನ ಕೈಕೆಳಗಿನ ಸಮುರಾಯ್‌ಗಳ ಅಕ್ಕಿ ಸಂಬಳವೂ ಹೋಯಿತು. ಆಮೇಲೂ ಇದು ನಿಲ್ಲಲಿಲ್ಲ. ಗಂಡು ಸಂತಾನ ಇಲ್ಲದೆ ಪಾಳೆಯಗಾರ ಸತ್ತರೆ ಸೀಮೆ ಮುಟ್ಟುಗೋಲು. ಸಾಯುವ ಹೊತ್ತಿಗೆ ದತ್ತು ತೆಗೆದುಕೊಂಡರೆ ಅದು ಸಲ್ಲುತ್ತಿರಲಿಲ್ಲ. ಬೀದಿಗೆ ಬಿದ್ದವರ ಸಂಖ್ಯೆ ಬೆಳೆಯುತ್ತಾ ಹೋಗಿ, 1651ರಲ್ಲಿ ರೋನಿನ್‌ಗಳು ಸೇರಿ ಸರ್ಕಾರವನ್ನೇ ಉರುಳಿಸಲು ಸಂಚು ಹೂಡಿದರು. ಸಂಚು ಬಯಲಾಯಿತು. ಆಗ ಸರ್ಕಾರ ಕಣ್ಣು ತೆರೆದು ದತ್ತಿನ ನಿಯಮ ಸಡಿಲಿಸಿತು. ರೋನಿನ್ ಅಂದರೆ ಆ ಕಾಲದ ನಿರುದ್ಯೋಗಿ. ಅವನನ್ನು ಹಾಗೆ ಮಾಡಿದ್ದು ಸ್ವಾತಂತ್ರ್ಯದ ಆಸೆಯಲ್ಲ, ಸರ್ಕಾರದ ಕಾನೂನು.

ಅವರು ಹೊಟ್ಟೆಗೆ ಏನು ಮಾಡುತ್ತಿದ್ದರು? ನೆಲೆಯಾಗಿ ಒಂದು ಊರಲ್ಲಿ ಬಾಡಿಗೆ ಕೋಣೆ ಹಿಡಿದು ಕೂತವರೇ ಬಹಳ. ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವರು, ಕತ್ತಿವರಸೆ ಕಲಿಸಿದವರು ಇದ್ದರು. ಎಡೊ ಪಟ್ಟಣದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಕೊಡೆಗೆ ಕಾಗದ ಅಂಟಿಸಿ ಬದುಕಿದ ರೋನಿನ್ ಅಲ್ಲಿನ ಜನರಿಗೆ ಗಾದೆಯಷ್ಟು ಪರಿಚಿತ. ಸೊಂಟದಲ್ಲಿ ಎರಡು ಕತ್ತಿ, ಮುಂದೆ ಅಂಟಿನ ಬಟ್ಟಲು. ಸುಮ್ನೆ ಎದ್ದು ದೇಶ ಸುತ್ತುವುದೂ ಸುಲಭ ಇರಲಿಲ್ಲ. ಹಕೊನೆಯಂಥ ಹೆದ್ದಾರಿ ಗಡಿಕಟ್ಟೆಗಳಲ್ಲಿ ಗುರುತಿನ ಚೀಟಿ ತೋರಿಸಬೇಕಿತ್ತು. ಕತ್ತಿಯೊಂದನ್ನೇ ನಂಬಿ ಅಲೆದು ಹೆಸರು ಮಾಡಿದವರು ಇಲ್ಲವೇ ಇಲ್ಲ ಅನ್ನಲಾರೆ. ಮಿಯಮೊತೊ ಮುಸಾಶಿ ಹಾಗೆ ಅಲೆದವರೇ. ಆದರೆ ಅವರೂ ಕಡೆಗಾಲದಲ್ಲಿ ಕುಮಮೊತೊದ ಪಾಳೆಯಗಾರರ ಆಶ್ರಯ ಪಡೆದರು.

ಇನ್ನು ಸಿನಿಮಾದ ಅಲೆಮಾರಿಗೆ ಅರ್ಧ ರಕ್ತ ಅಮೆರಿಕದ ಕೌಬಾಯ್ ಚಿತ್ರಗಳದು. ಕುರೊಸಾವಾ ಅವರಿಗೆ ಅಂಥ ಚಿತ್ರಗಳ ನಿರ್ದೇಶಕ ಜಾನ್ ಫೋರ್ಡ್ ಎಂದರೆ ಬಹಳ ಅಭಿಮಾನ. ಧೂಳೆದ್ದ ಅಗಲ ಬೀದಿ, ಎರಡು ತುದಿಯಲ್ಲಿ ಎರಡು ಗುಂಪು, ನಡುವೆ ಒಬ್ಬ. ಅಲ್ಲಿಂದ ಬಂದದ್ದು 1964ರಲ್ಲಿ ಮತ್ತೆ ಅಲ್ಲಿಗೇ ಹೋಯಿತು. ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೊನೆ ಇದೇ ಕಥೆ ಎತ್ತಿಕೊಂಡು ಕೌಬಾಯ್ ಚಿತ್ರ ಮಾಡಿ, ಕ್ಲಿಂಟ್ ಈಸ್ಟ್‌ವುಡ್ ಕೈಗೆ ಪಿಸ್ತೂಲು ಕೊಟ್ಟರು. ಅನುಮತಿ ಕೇಳಿರಲಿಲ್ಲ, ವ್ಯಾಜ್ಯವಾಗಿ ದುಡ್ಡು ಕೊಡಬೇಕಾಯಿತು.

ಹಾಗಂತ ಚಿತ್ರದಲ್ಲಿ ಚರಿತ್ರೆ ಇಲ್ಲ ಅಂತಲ್ಲ. ಕಥೆ ನಡೆಯುವುದು 1860ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದು, ಜಪಾನಿನ ರೇಷ್ಮೆಗೆ ಇದ್ದಕ್ಕಿದ್ದಂತೆ ಬೆಲೆ ಬಂದಿತ್ತು. ಚಿತ್ರದ ಊರಲ್ಲೂ ರೇಷ್ಮೆ ವ್ಯಾಪಾರಿಯೇ ಒಂದು ಗುಂಪಿನ ಬೆನ್ನಿಗೆ ನಿಂತಿದ್ದಾನೆ. ನಾಯಕನಿಗೆ ಹೆಸರು ಕೇಳಿದಾಗ ಕಿಟಕಿಯಾಚೆಯ ಹಿಪ್ಪುನೇರಳೆ ತೋಟ ನೋಡಿ ಅದನ್ನೇ ಹೆಸರಾಗಿ ಹೇಳಿಬಿಡುತ್ತಾನೆ. ಸರ್ಕಾರಿ ಅಧಿಕಾರಿ ತಪಾಸಣೆಗೆ ಬಂದಾಗ ಎರಡೂ ಗುಂಪು ಸಾಧುಗಳಂತೆ ಇರುತ್ತವಲ್ಲ, ಅದೂ ನಿಜದ್ದೇ. ಎಡೊ ಸುತ್ತಿನ ಎಂಟು ಸೀಮೆಗಳಲ್ಲಿ ಜೂಜುಕೋರರ ಹಾವಳಿ ತಡೆಯಲು ಹೀಗೆ ಸುತ್ತುವ ಅಧಿಕಾರಿಗಳನ್ನು 1805ರಿಂದಲೇ ನೇಮಿಸಿದ್ದರು. ಹಣ ಹರಿಯುವ ಊರು, ಕೈಗೆ ಸಿಗದ ಸರ್ಕಾರ, ಕೆಲಸ ಇಲ್ಲದ ಕತ್ತಿ. ಈ ಮೂರು ಸೇರಿದರೆ ಏನಾಗುತ್ತದೆ ಅನ್ನುವುದನ್ನು ಕುರೊಸಾವಾ ಅಷ್ಟು ಚೆನ್ನಾಗಿ ಕಂಡಿದ್ದಾರೆ.

ನಿಮ್ಮ ಎರಡನೇ ಪ್ರಶ್ನೆ, ಒಬ್ಬನೇ ಅಷ್ಟು ಜನರನ್ನು ಕಡಿಯುವುದು. ಇದು ನನ್ನ ಕಸುಬಿನ ಭಾಗ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕಟಾನದ ತೂಕ ಸುಮಾರು ಒಂದು ಕಿಲೋ, ಅಲಗಿನ ಉದ್ದ 70 ಸೆಂಟಿಮೀಟರ್ ಆಸುಪಾಸು. ಅದು ಬಂದೂಕಿನ ನಳಿಗೆ ಕತ್ತರಿಸುವುದಿಲ್ಲ. ಎರಡು ಕತ್ತಿ ಬಾಯಿಗೆ ಬಾಯಿ ಬಡಿದರೆ ಎರಡರ ಅಂಚೂ ಮುಕ್ಕಾಗುತ್ತದೆ. ಸುತ್ತ ಹತ್ತು ಜನ ಇದ್ದರೆ ಹಿಂದಿನವನು ಕಾಯುವುದಿಲ್ಲ. ಮುಸಾಶಿ ತಮ್ಮ ಯುದ್ಧ ಗ್ರಂಥದಲ್ಲಿ ಇದಕ್ಕೆ ಹೇಳುವ ಉಪಾಯ ಒಂದೇ: ಸುತ್ತುವರಿಯಲು ಬಿಡಬೇಡ, ಎಲ್ಲರನ್ನೂ ಒಂದೇ ಕಡೆಗೆ ಅಟ್ಟು, ಮೀನು ಪೋಣಿಸಿದ ಹಾಗೆ ಸಾಲಾಗಿಸು. ಮಿಫುನೆ ಕೊನೆಯ ಕಾಳಗದಲ್ಲಿ ನಿಲ್ಲುವುದೇ ಇಲ್ಲ, ಗುಂಪನ್ನು ಸೀಳಿಕೊಂಡು ನಡೆಯುತ್ತಲೇ ಇರುತ್ತಾರೆ ಅಲ್ವಾ? ಆ ಮಟ್ಟಿಗೆ ಅದು ನಿಜಕ್ಕೆ ಹತ್ತಿರ.

ಉಳಿದದ್ದು ಕಲೆ. ಅಲ್ಲಿ ಬೀಳುವವರನ್ನು ನೋಡಲು ಮಗನಿಗೆ ಹೇಳಿ, ಕಡಿಯುವವನನ್ನಲ್ಲ. ಜಪಾನಿ ಚಿತ್ರಗಳಲ್ಲಿ ಕಡಿಸಿಕೊಂಡು ಬೀಳುವುದೇ ಒಂದು ವೃತ್ತಿ. ಕ್ಯೋಟೊದ ಸ್ಟುಡಿಯೊಗಳಲ್ಲಿ ಜೀವಮಾನವೆಲ್ಲ ಹಾಗೆ ಸಾಯುತ್ತಲೇ ಹೆಸರಾದ ಸೆಯ್ಜೊ ಫುಕುಮೊತೊ ಎಂಬ ನಟರಿದ್ದರು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಬೀಳುವುದು ಅವರ ಗುರುತು. 2021ರಲ್ಲಿ ತೀರಿಕೊಂಡರು. ಕಡಿಯುವವನ ಹೊಡೆತಕ್ಕೆ ಬೆಲೆ ಬರುವುದು ಬೀಳುವವನಿಂದ. ಎದುರಾಳಿ ಯಾವ ಹೆಜ್ಜೆಗೆ ನುಗ್ಗಬೇಕು, ಯಾವ ಉಸಿರಿಗೆ ಮೈ ತಿರುಗಿಸಬೇಕು, ಕತ್ತಿ ಅವನಿಂದ ಎಷ್ಟು ಗೇಣು ದೂರದಲ್ಲಿ ಹಾಯಬೇಕು, ಎಲ್ಲ ಮೊದಲೇ ಗೊತ್ತಾಗಿರುತ್ತದೆ. ಆ ಅಂತರ ತೆರೆ ಮೇಲೆ ಕಾಣದ ಹಾಗೆ ಮಾಡುವುದು ದೂರದಿಂದ ಹಿಡಿಯುವ ಉದ್ದ ಲೆನ್ಸ್. ಅದು ಹಿಂದಿನದನ್ನು ಮುಂದಿನದಕ್ಕೆ ಅಂಟಿಸಿದಂತೆ ತೋರಿಸುತ್ತದೆ. ಕುರೊಸಾವಾ ಅದನ್ನು ಧಾರಾಳವಾಗಿ ಬಳಸಿದವರು. ಮಾಂಸ ಸೀಳುವ ಆ ಸದ್ದು ಆಮೇಲೆ ಸೇರಿಸಿದ್ದು. ‘ಯೋಜಿಂಬೋ’ಗೂ ಮುಂಚಿನ ಕತ್ತಿ ಸಿನಿಮಾಗಳಲ್ಲಿ ಕಾಳಗ ಕುಣಿತದ ಹಾಗಿರುತ್ತಿತ್ತು. ರಕ್ತವೂ ಇಲ್ಲ, ಆ ಸದ್ದೂ ಇಲ್ಲ.

ಕೈಯಲ್ಲಿರುವ ಕತ್ತಿಗಳೋ, ಬೆಳ್ಳಿ ಹಾಳೆ ಅಂಟಿಸಿದ ಬಿದಿರು ಅಥವಾ ಹಗುರ ಅಲ್ಯೂಮಿನಿಯಂ. ನಿಜದ ಅಲಗು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನಲ್ಲೇ ಒಂದು ಘಟನೆ ಇದೆ. 1989ರಲ್ಲಿ ತೆರೆಕಂಡ ಜಾತೊಇಚಿ ಚಿತ್ರದ ಶೂಟಿಂಗ್‌ನಲ್ಲಿ ನಿಜದ ಕತ್ತಿ ತಗುಲಿ ಒಬ್ಬ ನಟ ಪ್ರಾಣ ಕಳೆದುಕೊಂಡರು. ಅದು ಹುಡುಗಾಟದ ಜಾಗವಲ್ಲ, ವೃತ್ತಿಯವರ ಶೂಟಿಂಗ್. ನಿಮ್ಮ ಮನೆಯವರಿಗೆ ಇದೊಂದನ್ನು ದಯವಿಟ್ಟು ಓದಿ ಹೇಳಿ.

ಮೂರೂವರೆ ಸಾವಿರದ ಆ ಕತ್ತಿಗೆ ಬರೋಣ. ‘ಹರಿತ ಇಲ್ಲ’ ಅನ್ನುವುದೇ ಸಮಾಧಾನ ಅಂದುಕೊಂಡಿದ್ದೀರಿ. ಅಪಾಯ ಇರುವುದು ಬಾಯಲ್ಲಿ ಅಲ್ಲ, ಹಿಡಿಯೊಳಗೆ. ಸರಿಯಾಗಿ ಮಾಡಿದ ಕಟಾನದಲ್ಲಿ ಅಲಗೇ ಮುಂದುವರಿದು, ಅಗಲವಾದ ಗಟ್ಟಿ ಬಾಲವಾಗಿ ಹಿಡಿಯ ಬಹುಭಾಗ ಇಳಿದಿರುತ್ತದೆ. ಹಿಡಿಗೂ ಅದಕ್ಕೂ ಅಡ್ಡಲಾಗಿ ಬಿದಿರಿನ ಒಂದು ಪುಟ್ಟ ಬೆಣೆ ಹಾಕುತ್ತಾರೆ. ಇಡೀ ಕತ್ತಿ ಕೈಯಲ್ಲಿ ಉಳಿಯುವುದು ಆ ಬೆಣೆಯಿಂದ. ಅದಕ್ಕೇ ಅಭ್ಯಾಸಕ್ಕೆ ಮುಂಚೆ ಪ್ರತಿ ಸಲವೂ ಬೆರಳಿಂದ ಒತ್ತಿ ನೋಡುವುದು ನಮ್ಮಲ್ಲಿ ಕಡ್ಡಾಯ. ಗೋಡೆಗೆ ಹಾಕಲು ಮಾರುವ ಅಗ್ಗದ ಕತ್ತಿಗಳಲ್ಲಿ ಬಹಳಷ್ಟರ ಕಥೆ ಬೇರೆ. ಸ್ಟೇನ್‌ಲೆಸ್ ಸ್ಟೀಲಿನ ಅಲಗಿನ ಬುಡಕ್ಕೆ ತೆಳ್ಳನೆಯ ಒಂದು ಕಡ್ಡಿ ಬೆಸೆದು, ಅದನ್ನು ಹಿಡಿಯೊಳಗೆ ತೂರಿಸಿ ತಿರುಪು ಬಿಗಿದಿರುತ್ತಾರೆ. ಅಷ್ಟು ಉದ್ದದ ಸ್ಟೇನ್‌ಲೆಸ್ ಅಲಗು ಪೆಟ್ಟು ತಾಳುವುದಿಲ್ಲ. ಹತ್ತು ಸಲ ಬೀಸಿದರೆ ಏನೂ ಆಗದೇ ಇರಬಹುದು. ಆ ಬೆಸುಗೆ ಬಿಟ್ಟ ದಿನ ಹಿಡಿ ಅವನ ಕೈಯಲ್ಲಿರುತ್ತದೆ, ಅಲಗು ಹಾರಿರುತ್ತದೆ. ಹರಿತ ಇಲ್ಲದಿದ್ದರೂ ಮೊನೆ ಇದ್ದೇ ಇದೆ. 16ರ ಹುಡುಗ ಗೋಡೆ ಮೇಲಿನ ಕತ್ತಿ ಇಳಿಸಿ ಬೀಸದೆ ಇರುತ್ತಾನೆ ಅಂತ ನೀವೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಕಾನೂನಿನ ಮಾತೂ ಇದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಲೆಕ್ಕದಲ್ಲಿ ಕತ್ತಿಯೂ ಶಸ್ತ್ರವೇ. ಮನೆಗೆಲಸ, ಬೇಸಾಯದಂಥ ಬಳಕೆಗೆ ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದದ ಹರಿತ ಅಲಗು ಆ ಪಟ್ಟಿಗೆ ಬರುತ್ತದೆ. ‘ಅಲಂಕಾರಕ್ಕೆ’ ಎಂದು ಮಾರುವವರು ಬರೆದ ಮಾತು ಠಾಣೆಯಲ್ಲಿ ನಿಮ್ಮನ್ನು ಕಾಪಾಡುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ. ಅದನ್ನು ಗೆಳೆಯರಿಗೆ ತೋರಿಸಲು ಅವನು ಬೀದಿಗೆ ತಂದನೋ, ಆಗ ಅದು ಮನೆಯ ವಿಷಯವಾಗಿ ಉಳಿಯುವುದಿಲ್ಲ.

ಸಿನಿಮಾ ಅವನನ್ನು ಕೆಡಿಸುತ್ತದಾ ಅನ್ನುವುದು ನಿಮ್ಮ ಒಳಗಿನ ಭಯ. ಇದಕ್ಕೆ ಚಿತ್ರವೇ ಉತ್ತರ ಕೊಡುತ್ತದೆ, ನೀವು ನೋಡಿಲ್ಲ ಅನ್ನಿಸುತ್ತದೆ. ಮೊದಲ ಕೆಲವು ನಿಮಿಷಗಳಲ್ಲೇ ಒಬ್ಬ ರೈತನ ಮಗ ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಓಡುತ್ತಾನೆ. ಗಂಜಿ ಕುಡಿದುಕೊಂಡು ದೀರ್ಘಾಯುಷ್ಯ ಯಾರಿಗೆ ಬೇಕು, ನನಗೆ ಜೂಜುಕೋರರ ಬದುಕು ಬೇಕು ಅನ್ನುವುದು ಅವನ ವಾದ. ಅದೇ ಹುಡುಗ ಕೊನೆಯ ಕಾಳಗದಲ್ಲಿ ನಾಯಕನ ಎದುರು ಸಿಕ್ಕಿಬೀಳುತ್ತಾನೆ. ಸುತ್ತ ಹೆಣಗಳು. ಅಮ್ಮಾ ಅಂತ ಕೂಗಿಕೊಳ್ಳುತ್ತಾನೆ. ನಾಯಕ ಕತ್ತಿ ಎತ್ತಿದವನು ಇಳಿಸಿ, ಹುಡುಗರಿಗೆ ಕತ್ತಿ ಆಟ ಬೇಡ, ಮನೆಗೆ ಹೋಗಿ ಗಂಜಿ ಕುಡಿದು ನೂರು ಕಾಲ ಬಾಳು ಅಂತ ಅಟ್ಟಿಬಿಡುತ್ತಾನೆ. ಆ ನಾಯಕನ ಬದುಕಾದರೂ ಹೇಗಿದೆ? ಚಿಗಟ ಕಡಿದವನ ಹಾಗೆ ಹೆಗಲು ಕುಣಿಸುತ್ತಾನೆ, ಜೇಬಲ್ಲಿ ಕಾಸಿಲ್ಲದೆ ಸಾಲದ ಅನ್ನ ತಿನ್ನುತ್ತಾನೆ. ಒಂದು ಸಂಸಾರವನ್ನು ಬಿಡಿಸಿದ್ದಕ್ಕೆ ಸಿಕ್ಕಿಬಿದ್ದು, ಎದ್ದು ನಿಲ್ಲಲಾಗದಷ್ಟು ಹೊಡೆಸಿಕೊಂಡು, ತೆವಳಿಕೊಂಡು ತಪ್ಪಿಸಿಕೊಳ್ಳುತ್ತಾನೆ. 110 ನಿಮಿಷದ ಚಿತ್ರದಲ್ಲಿ ಅವನ ಕತ್ತಿ ಒರೆಯಿಂದ ಹೊರಗಿರುವ ಹೊತ್ತು ಬಹಳ ಕಡಿಮೆ. ಉಳಿದ ಹೊತ್ತೆಲ್ಲ ಕೂತು ನೋಡುತ್ತಾನೆ, ಯೋಚಿಸುತ್ತಾನೆ.

ಹಾಗಾಗಿ ಇನ್ನೊಂದು ಸಲ ಅವನ ಪಕ್ಕ ಕೂತು ನೋಡಿ. ಉಪದೇಶ ಬೇಡ. ‘ಆ ಹುಡುಗನನ್ನ ಯಾಕೆ ಬಿಟ್ಟ?’ ಅಂತ ಕೇಳಿ, ಅವನು ಏನು ಹೇಳುತ್ತಾನೋ ಕೇಳಿಸಿಕೊಳ್ಳಿ. ಓದು ಯಾಕೆ ಅನ್ನುವ ಮಾತಿಗೆ ಸಿನಿಮಾ ಒಂದೇ ಕಾರಣ ಅಂತಲೂ ನನಗೆ ಅನ್ನಿಸುವುದಿಲ್ಲ. ಮೊದಲ ಪಿಯುಸಿಯ ಹೊರೆ ಹೊತ್ತವನಿಗೆ ಯಾರ ಹಂಗೂ ಇಲ್ಲದ ಮನುಷ್ಯ ಚೆಂದ ಕಾಣುವುದು ಸಹಜ. ಯಾವ ವಿಷಯ ಕಷ್ಟವಾಗುತ್ತಿದೆ, ಕಾಲೇಜಲ್ಲಿ ಏನಾಗುತ್ತಿದೆ ಅಂತ ಬೇರೆಯಾಗಿ ಕೇಳಿ. ಯಾರಿಗಾದರೂ ಬೆದರಿಕೆ ಹಾಕುವುದು, ಪ್ರಾಣಿಗಳ ಮೇಲೆ ಕೈ ಮಾಡುವುದು, ಚಾಕು ಜೊತೆಗಿಟ್ಟುಕೊಂಡು ತಿರುಗುವುದು ಕಂಡರೆ ಮಾತ್ರ ತಡಮಾಡದೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಪೈಪ್ ಬೀಸುವುದು ಆ ಸಾಲಿಗೆ ಸೇರುವುದಿಲ್ಲ.

ಕಲಿಯುವುದಾದರೆ ಹೇಗೆ? ನನ್ನ ಮೊದಲ ಆಯ್ಕೆ ಕೆಂಡೊ. ಬಿದಿರಿನ ನಾಲ್ಕು ಸೀಳು ಕಟ್ಟಿದ ಕತ್ತಿ, ಮುಖಕ್ಕೆ ಕಂಬಿಯ ಕವಚ, ಎದೆಗೆ, ಮಣಿಕಟ್ಟಿಗೆ ರಕ್ಷೆ. ನಿಜವಾಗಿ ಎದುರಾಳಿಗೆ ಹೊಡೆಯಬಹುದು, ಹೊಡೆಸಿಕೊಳ್ಳಲೂ ಬೇಕು. ಮಿಫುನೆಯ ಹಾಗೆ ಆಗುವ ಆಸೆಯವನಿಗೆ ಹೊಡೆಸಿಕೊಳ್ಳುವುದು ಒಳ್ಳೆಯ ಪಾಠ. ಮೊದಲ ಕೆಲವು ತಿಂಗಳು ಕವಚವೇ ಕೊಡುವುದಿಲ್ಲ, ಬರೀ ಹೆಜ್ಜೆ ಮತ್ತು ಕೂಗು. ಬಿಟ್ಟುಹೋಗುವವರು ಅಲ್ಲೇ ಬಿಟ್ಟುಹೋಗುತ್ತಾರೆ. ಅಪಾಯ ಇಲ್ಲದೆ ಇಲ್ಲ. ಹಿಮ್ಮಡಿ ನೋವು ಮಾಮೂಲು. ಬಿದಿರಿನ ಸೀಳು ಸಿಬಿರೆದ್ದರೆ ಕಂಬಿಯ ಸಂದಿಯಿಂದ ಕಣ್ಣಿಗೆ ನುಗ್ಗಬಹುದು, ಅದಕ್ಕೇ ಪ್ರತಿ ಸಲ ಸೀಳುಗಳನ್ನು ಕೈಯಾಡಿಸಿ ನೋಡಬೇಕು. ಕವಚ ದುಬಾರಿ, ಮೊದಲ ದಿನವೇ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಕಲಿಸುವವರು ಇದ್ದಾರೆ. ದಾವಣಗೆರೆಯಿಂದ ವಾರ ವಾರ ಹೋಗಲಾಗದು, ಗೊತ್ತು. ರಜೆಯಲ್ಲಿ ಚಿಕ್ಕಪ್ಪನ ಮಗನ ಜೊತೆಯಾದರೂ ಹೋಗಿ ಒಂದು ತರಗತಿ ಕೂತು ನೋಡಿ ಬರಲಿ.

ಇಆಯ್ಡೊ ಇನ್ನೊಂದು ದಾರಿ. ಕತ್ತಿ ಹಿರಿಯುವುದು, ಬೀಸುವುದು, ಮತ್ತೆ ಒರೆಗೆ ಹಾಕುವುದು, ಎಲ್ಲ ಒಬ್ಬನೇ, ನಿಧಾನವಾಗಿ. ಮಂಡಿಗೆ ಶ್ರಮ. ಹರಿತವಿಲ್ಲದ ಮಿಶ್ರಲೋಹದ ಕತ್ತಿಯಲ್ಲಿ ಕಲಿಯುತ್ತಾರೆ, ಮೊದಲು ಮರದ್ದರಲ್ಲಿ. ಇಲ್ಲಿ ಜನ ಗಾಯ ಮಾಡಿಕೊಳ್ಳುವುದು ಬೀಸುವಾಗ ಅಲ್ಲ, ಒರೆಗೆ ವಾಪಸ್ ಹಾಕುವಾಗ. ಒರೆಯ ಬಾಯಿ ಹಿಡಿದ ಎಡಗೈಯ ಹೆಬ್ಬೆರಳು, ತೋರುಬೆರಳ ನಡುವಿನ ಜಾಗ ಅಲಗಿಗೆ ಸಿಗುತ್ತದೆ. ವಿಡಿಯೊ ನೋಡಿ ಕಲಿತವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಗುರು ಸಿಗುವವರೆಗೆ ಮನೆಯಲ್ಲಿ ಏನಾದರೂ ಬೇಕೇ ಬೇಕು ಅಂದರೆ ಗಟ್ಟಿ ಮರದ ಕತ್ತಿ ಕೊಡಿಸಿ. ಪಿವಿಸಿ ಪೈಪ್ ಬೇಡ, ಗೋಡೆಗೆ ಬಡಿದರೆ ಚೂಪಾಗಿ ಒಡೆಯುತ್ತದೆ. ತಾರಸಿಯಲ್ಲಿ ಕರೆಂಟ್ ತಂತಿ ಎಷ್ಟು ಹತ್ತಿರ ಹಾದುಹೋಗಿದೆ ಅಂತ ಮೊದಲು ನೋಡಿ. ಅಂಚಿನ ಗೋಡೆ ಮೊಣಕಾಲೆತ್ತರ ಇದ್ದರೆ ತಾರಸಿಯೇ ಬೇಡ, ಮೈದಾನಕ್ಕೆ ಹೋಗಲಿ. ನೇರವಾಗಿ ಮೇಲಿಂದ ಕೆಳಗೆ ಬೀಸುವುದಷ್ಟೇ. ಎಡಗೈ ಮುಖ್ಯ, ಬಲಗೈ ಸುಮ್ನೆ ದಾರಿ ತೋರಿಸಲು. ಮೊಣಕೈ ನೋಯಲು ಶುರುವಾದರೆ ಬಲಗೈ ಜಾಸ್ತಿ ದುಡಿಯುತ್ತಿದೆ ಅಂತ ಅರ್ಥ, ಅವತ್ತಿಗೆ ನಿಲ್ಲಿಸಬೇಕು. ಗೆಳೆಯನ ಎದುರು ಮರದ ಕತ್ತಿ ಎತ್ತುವುದು ಮಾತ್ರ ಖಂಡಿತ ಕೂಡದು. 1612ರಲ್ಲಿ ಮುಸಾಶಿ ತಮ್ಮ ಅತಿ ದೊಡ್ಡ ಎದುರಾಳಿಯನ್ನು ಕೊಂದದ್ದು ಮರದ ಕತ್ತಿಯಿಂದಲೇ ಎಂದು ಪ್ರತೀತಿ. ದೋಣಿಯ ಹುಟ್ಟನ್ನು ಕೆತ್ತಿ ಮಾಡಿಕೊಂಡದ್ದಂತೆ.

ಮುಂದೆ ಯಾವ ಸಿನಿಮಾ ನೋಡಬಹುದು ಅಂತ ಅವನು ಕೇಳಿಯೇ ಕೇಳುತ್ತಾನೆ. 1962ರ ‘ಸಂಜೂರೊ’ ನೋಡಲಿ, ಅದೇ ನಾಯಕ. ಕೊನೆಯಲ್ಲಿ ಇಬ್ಬರು ಅಲುಗಾಡದೆ ನಿಂತು, ಒಂದೇ ಹೊಡೆತಕ್ಕೆ ರಕ್ತ ಚಿಲುಮೆಯಂತೆ ಚಿಮ್ಮುವ ದೃಶ್ಯ ಇದೆ, ಗೊತ್ತಿರಲಿ. 2012ರ ‘ರುರೊನಿ ಕೆನ್ಶಿನ್’ ಅವನ ವಯಸ್ಸಿಗೆ ಹಿಡಿಸುತ್ತದೆ. ಇನ್ನು ಯಾರನ್ನೂ ಕೊಲ್ಲುವುದಿಲ್ಲ ಎಂದು ಹಿಮ್ಮುಖ ಹರಿತದ ಕತ್ತಿ ಹಿಡಿದು ಅಲೆಯುವವನ ಕಥೆ. ಅಲ್ಲಿನ ವೇಗ ಮಾತ್ರ ಸಿನಿಮಾದ್ದೇ. 1972ರಿಂದ ಬಂದ ‘ಲೋನ್ ವುಲ್ಫ್ ಅಂಡ್ ಕಬ್’ ಸರಣಿ ಸದ್ಯಕ್ಕೆ ಬೇಡ, ರಕ್ತ, ಹಿಂಸೆ ಎರಡೂ ಜಾಸ್ತಿ. 1962ರ ‘ಹರಾಕಿರಿ’ ನೀವಿಬ್ಬರೂ ದೊಡ್ಡವರು ಮೊದಲು ನೋಡಿ. ರೋನಿನ್‌ನ ಬಡತನ ಎಂಥದ್ದು ಅಂತ ಅದರಷ್ಟು ನೇರವಾಗಿ ಹೇಳಿದ ಚಿತ್ರ ನಾನು ಕಂಡಿಲ್ಲ. ಆದರೆ ಕರುಳು ಹಿಂಡುತ್ತದೆ.

ಮನೆಮಂದಿಯೆಲ್ಲ ಕೂತು ನೋಡಲು ಯೊಜಿ ಯಮಾದಾ ಅವರ 2002ರ ‘ದಿ ಟ್ವಿಲೈಟ್ ಸಮುರಾಯ್’ ಹಾಕಿ. ಹೆಂಡತಿ ಸತ್ತ ಕೆಳದರ್ಜೆಯ ಸಮುರಾಯ್ ಒಬ್ಬ. ಕಚೇರಿ ಮುಗಿದ ಕೂಡಲೇ ಮನೆಗೆ ಓಡಿ ಬಂದು, ಇಬ್ಬರು ಹೆಣ್ಣುಮಕ್ಕಳು, ಮರೆವಿನ ತಾಯಿಯನ್ನು ನೋಡಿಕೊಳ್ಳುತ್ತಾ ರಾತ್ರಿ ಹುಳದ ಪಂಜರ ಹೆಣೆದು ನಾಲ್ಕು ಕಾಸು ಮಾಡುತ್ತಾನೆ. ಮಗಳು ಅವನನ್ನು ಕೇಳುತ್ತಾಳೆ, ಓದು ಕಲಿತರೆ ಏನು ಉಪಯೋಗ ಅಂತ. ಅವನು ಕೊಡುವ ಉತ್ತರವನ್ನು ನಾನು ಇಲ್ಲಿ ಹೇಳುವುದಿಲ್ಲ. ನಿಮ್ಮ ಮಗ ಅವನ ಬಾಯಿಂದಲೇ ಕೇಳಲಿ. ಕೊನೆಯ ಕಾಳಗ ಒಂದು ಸಣ್ಣ ಮನೆಯೊಳಗೆ ನಡೆಯುತ್ತದೆ. ಅಲ್ಲಿ ಉದ್ದ ಕತ್ತಿ ಹಿಡಿದವನಿಗೆ ತಲೆ ಮೇಲಿನ ತೊಲೆ ಏನು ಮಾಡಿತು ಅನ್ನುವುದನ್ನು ಅವನು ಗಮನಿಸಿದರೆ, ನನಗೆ ಬರೆದು ತಿಳಿಸಲು ಹೇಳಿ.